ವಿರುಪಿಯ ಯೋಜನೆ

೨೦ ಜೂನ್ ೧೯೮೮

ಇವತ್ತು ಕಮಲಾಪುರದ ಶಾಲೆಯಲ್ಲಿ ಕೆಲಸಕ್ಕೆ ಹಾಜರಾದೆ. ಹೊಸಪೇಟೆಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ದಾರಿಯುದ್ದಕ್ಕೂ ಹೊಟ್ಟೆ ತೊಳಸುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಪಕ್ಕ ಕುಳಿತಿದ್ದೆ.

ಹೆಡ್ ಮಾಸ್ತರ್ ಕೊಟ್ರಯ್ಯನವರು ಒಳ್ಳೆಯ ಮನುಷ್ಯರ ಹಾಗೆ ಕಾಣುತ್ತಾರೆ. ನನ್ನ ಕೆಲಸ ಏನೆಂದು ಮಾತ್ರ ಅವರಿಗೆ ಗೊತ್ತಿಲ್ಲ. ಆದೇಶವನ್ನು ಓದಿ, ಕನ್ನಡಕ ತೆಗೆದು ಕೇಳಿದರು, "ಅಂದ್ರ ನೀವು ಕ್ಲಾಸ್ ತಗೊಳ್ಳಂಗಿಲ್ಲೇನ್ರಿ?"

ಕಣ್ಣು ಮಂದ ಇರುವ, ಕಿವಿ ಕೇಳದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳನ್ನು ಇದೇ ಶಾಲೆಗೆ ಕರೆತಂದು, ಒಬ್ಬೊಬ್ಬರಿಗೂ ಬೇರೆ ಬೇರೆ ಯೋಜನೆ ಬರೆದು ಕಲಿಸುವುದು ನನ್ನ ಕೆಲಸ, ಅದಕ್ಕೆಂದೇ ಮೈಸೂರಿನಲ್ಲಿ ಒಂದು ವರ್ಷ ತರಬೇತಿ ಮುಗಿಸಿ ಬಂದಿದ್ದೇನೆ ಎಂದು ವಿವರಿಸಿದೆ.

"ಒಬ್ಬೊಬ್ರಿಗೆ ಒಂದೊಂದು ಸಿಲಬಸ್ಸು. ಇಲ್ಲಿ ಐವತ್ತು ಮಂದಿಗೆ ಒಂದು ಸಿಲಬಸ್ ಮುಗಸಾಕ ಆಗವಲ್ದು," ಎಂದು ನಕ್ಕರು. ಆಮೇಲೆ ಒಂದು ಕೋಣೆ ತೋರಿಸಿದರು. ಮೊದಲು ಮಕ್ಕಳ ಉಪ್ಪಿಟ್ಟಿನ ರವೆ ಇಡುತ್ತಿದ್ದ ಕೋಣೆಯಂತೆ. ಗೋಡೆಯಲ್ಲಿ ಇನ್ನೂ ಮುಗ್ಗಲು ವಾಸನೆ ಇದೆ.

ನನಗೆ ಎರಡು ತಿಂಗಳು ತುಂಬಿದೆ. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಹೋದ ವರ್ಷದ್ದು ನಾಲ್ಕನೆಯ ತಿಂಗಳಿಗೇ ಹೋಯಿತು. ಆದ್ದರಿಂದ ಈ ಸಲ ಹೇಳಲು ಬಾಯಿ ಬರುವುದಿಲ್ಲ.

೨೭ ಜೂನ್

ಅತ್ತೆ ಶುಕ್ರವಾರ ನೇರವಾಗಿ ಹೇಳಿದರು. ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಾ, ನನ್ನ ಮುಖ ನೋಡದೆ, "ಸಿದ್ದವ್ವ, ಬಸುರಿ ಇದ್ದಾಗ ಕಣ್ಣಿಗೆ ಏನು ಬೀಳ್ತೈತಿ ಅನ್ನಾದು ಭಾಳ ಮುಖ್ಯ. ಅಂಥ ಮಕ್ಕಳ ನಡುವ ದಿನಾ ಕುಂದ್ರಾದು ಬ್ಯಾಡ. ರಜಾ ಹಾಕು," ಎಂದರು.

ಜಂಬಮ್ಮನವರು ಕೆಟ್ಟ ಅತ್ತೆಯಲ್ಲ. ನನಗೆ ತವರಿನಲ್ಲಿ ತಾಯಿ ಇಲ್ಲವೆಂದು, ಹೋದ ವರ್ಷ ನನ್ನ ಬಟ್ಟೆಗಳನ್ನು ತಾವೇ ಒಗೆದರು. ಹಾಗಾಗಿ ಜಗಳ ಮಾಡಲಾಗಲಿಲ್ಲ. "ಅದೆಲ್ಲ ಸುಳ್ಳು ಅಂತ ಡಾಕ್ಟರು ಹೇಳ್ತಾರ ಅತ್ತಿ," ಎಂದೆ.

"ಡಾಕ್ಟರು ಹಡಿತಾರೇನು?"

ಶನಿವಾರ ದೋಣಿಮಲೈಯಿಂದ ಇವರು ಬಂದಾಗ ಹೇಳಿದೆ. ಇವರು ಗಣಿಯ ವರ್ಕ್‌ಷಾಪಿನಲ್ಲಿ ಯಂತ್ರ ಬಿಚ್ಚಿ ಜೋಡಿಸುವವರು. ಯಾವುದಕ್ಕೂ ಎರಡು ಕಡೆಯ ಬೋಲ್ಟು ಸಡಿಲಿಸುತ್ತಾರೆ. "ಅವ್ವ ಹೇಳಾದ್ರಾಗೂ ಸ್ವಲ್ಪ ಐತಿ, ನೀ ಹೇಳಾದ್ರಾಗೂ ಐತಿ," ಎಂದರು.

೪ ಜುಲೈ

ನನ್ನ ಕೋಣೆಗೆ ಈಗ ಮೂವರು ಮಕ್ಕಳಾದರು. ಗಾಳೆಪ್ಪ, ಎಂಟು ವರ್ಷ, ದೃಷ್ಟಿ ತೀರ ಮಂದ. ದುರುಗವ್ವ, ಏಳು ವರ್ಷ, ಕಿವಿ ಕೇಳುವುದಿಲ್ಲ. ಮೂರನೆಯವಳು ವಿರುಪಮ್ಮ. ಮನೆಯಲ್ಲಿ ವಿರುಪಿ ಎನ್ನುತ್ತಾರೆ. ಹತ್ತು ವರ್ಷ, ನಡತೆ ಮೂರು ವರ್ಷದ ಮಗುವಿನದು. "ಅವ್ವ" ಬಿಟ್ಟರೆ ಮಾತಿಲ್ಲ. ಜೊಲ್ಲು ಸುರಿಯುತ್ತದೆ. ಹೊರಗೆ ಹೋಗಬೇಕೆಂದು ಹೇಳಲು ಬರುವುದಿಲ್ಲ. ಇವತ್ತು ಎರಡನೆಯ ತರಗತಿಯಲ್ಲಿ ಕೂತಲ್ಲೇ ಮಾಡಿಕೊಂಡಳು. ತಾಯಿ ಹುಸೇನಮ್ಮ ಓಡಿ ಬಂದು ನೆಲ ಒರೆಸಿ, ಎಲ್ಲರಿಗೂ ಕೈ ಮುಗಿದು ಹೋದಳು.

ಸಂಜೆ ಕೂತು ವಿರುಪಮ್ಮನ ಯೋಜನೆ ಬರೆದೆ. ತರಬೇತಿಯಲ್ಲಿ ಕಲಿಸಿದ ಕ್ರಮದಲ್ಲೇ ಬರೆದೆ. ಮೂರು ಬಣ್ಣ ಗುರುತಿಸುವುದು, ಐದರವರೆಗೆ ಎಣಿಸುವುದು, ಸೀಸಕಡ್ಡಿ ಹಿಡಿಯುವುದು. ಚೆನ್ನಾಗಿ ಮೂಡಿದೆ.

ಶಾಲೆ ಬಿಟ್ಟು ಹೋಗುವಾಗ ವಿರುಪಿ ನನ್ನ ಹತ್ತಿರ ಬಂದು ಹೊಟ್ಟೆಯ ಮೇಲೆ ಕೈ ಇಡಲು ನೋಡಿದಳು. ಮಕ್ಕಳಿಗೆ ಹೇಗೆ ಗೊತ್ತಾಗುತ್ತದೋ. ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಅತ್ತೆಯ ಮಾತು ಸುಳ್ಳೆಂದು ನನಗೆ ಗೊತ್ತು, ಪರೀಕ್ಷೆಯಲ್ಲಿ ಆ ವಿಷಯಕ್ಕೆ ನನಗೆ ಒಳ್ಳೆಯ ಅಂಕವೂ ಬಂದಿದೆ. ಆದರೂ ನನ್ನ ಮಗು ಇವಳ ಹಾಗೆ ಆದರೆ?

ಇದನ್ನು ಬರೆಯಬಾರದಿತ್ತು.

೧೯ ಜುಲೈ

ಕಾಲುವೆಗೆ ನೀರು ಬಿಟ್ಟಿದ್ದಾರೆ. ಊರಿಗೆ ಊರೇ ಗದ್ದೆಯಲ್ಲಿದೆ. ವಿರುಪಮ್ಮ ಅಂದಿನಿಂದ ಶಾಲೆಗೆ ಬಂದಿಲ್ಲ. ಮಧ್ಯಾಹ್ನ ಅವರ ಮನೆಗೆ ಹೋದೆ.

ಹೊಸ ಮನೆ, ಆರ್‌ಸಿಸಿ ಮಾಳಿಗೆ, ಬಾಗಿಲಿಗೆ ಹಸಿರು ಬಣ್ಣ. ಕಬ್ಬು ಭತ್ತದಲ್ಲಿ ಅವಳ ತಂದೆ ಗಾದಿಲಿಂಗಪ್ಪ ಚೆನ್ನಾಗಿ ಗಳಿಸಿದ್ದಾನೆ. ಹಿಂದಿನ ದನದ ಕೊಟ್ಟಿಗೆಯಲ್ಲಿ ವಿರುಪಮ್ಮ ಇದ್ದಳು. ಸೊಂಟಕ್ಕೆ ತಾಯಿಯ ಹಳೆಯ ಸೀರೆ ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದರು. ನೆರಳಿಗೂ ನೀರಿನ ಗಡಿಗೆಗೂ ಮುಟ್ಟುವಷ್ಟು ಉದ್ದ ಬಿಟ್ಟಿದ್ದರು. ಪಕ್ಕದಲ್ಲಿ ಕರು ಕಟ್ಟಿತ್ತು. ನನ್ನನ್ನು ನೋಡಿ ನಕ್ಕಳು.

ಹುಸೇನಮ್ಮ ಗದ್ದೆಯಿಂದ ಬಂದವಳು ಕಾಲಿನ ಕೆಸರನ್ನೂ ತೊಳೆಯದೆ ನಿಂತಳು.

"ಕಟ್ಟೀವಂತ ನೋಡಾಕತ್ತೀರಲ್ಲ ಅಕ್ಕೋರ. ಬಿಟ್ರ ಏನಾಗ್ತೈತಿ ಅಂತ ನಾ ನೋಡೀನಿ. ಹೋದ ವರ್ಷ ಕಾಲಿವ್ಯಾಗ ಬಿದ್ದು ಕೊಚ್ಕಂಡು ಹೊಂಟಿದ್ಳು. ಅರಿಬಿ ಒಗಿಯೋರು ಜಡಿ ಹಿಡದು ಎಳದ್ರು. ನೀರು ಕಂಡ್ರ ಅಕಿಗೆ ಕರದಂಗಾಗ್ತೈತಿ."

"ಯಾರಾದರೂ ಮನೆಯಲ್ಲಿ ಇರಬಹುದಲ್ಲ," ಎಂದೆ.

"ನಾಟಿ ಟೈಮಿನಾಗ ಯಾರಿರ್ತಾರ್ರಿ?" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ನನ್ನಿಂದ ಉತ್ತರ ಬಂದೀತೆಂದು ಕಾದಳು.

೨೦ ಜುಲೈ

ಹಳೆಯ ಯೋಜನೆಯನ್ನು ಬದಿಗಿಟ್ಟು ಹೊಸದರಲ್ಲಿ ಮೊದಲಿಗೆ ಒಂದೇ ಮಾತು ಬರೆದೆ: 'ನಿಲ್ಲು' ಎಂದರೆ ನಿಲ್ಲುವುದು.

೧೧ ಆಗಸ್ಟ್

ಹುಸೇನಮ್ಮನನ್ನು ಒಪ್ಪಿಸಿ ದಿನವೂ ಒಂದು ಹೊತ್ತು ಕರೆಸುತ್ತಿದ್ದೇನೆ. ಬೇಲಿ ಇರುವ ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಆಟ ಮಾಡಿದೆ. ನಾನೂ ವಿರುಪಿಯೂ ಕೈ ಹಿಡಿದು ಓಡುವುದು, ಗೆರೆಯ ಹತ್ತಿರ ಬಂದಾಗ "ನಿಲ್ಲು" ಎಂದು ನಾನು ನಿಂತುಬಿಡುವುದು, ಅವಳೂ ನಿಂತರೆ ಬೆಲ್ಲದ ಚೂರು. ಮೊದಮೊದಲು ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದಳು. ಓಡುವುದನ್ನು ನಾನು ಬಿಡಬೇಕಾಯಿತು. ಈಗ ಗಾಳೆಪ್ಪ ಅವಳ ಕೈ ಹಿಡಿದು ಓಡುತ್ತಾನೆ. ಅವನಿಗೆ ಬಿಳಿ ಗೆರೆ ಕಾಣುತ್ತದೆ ಎಂಬುದೂ ಇದರಿಂದ ತಿಳಿಯಿತು. ಒಂದೇ ಗೆರೆಯಿಂದ ಇಬ್ಬರ ಪಾಠ.

ಇವತ್ತು ವಿರುಪಿ ತಾನಾಗಿ ನಿಂತಳು. ನಿಂತು, ತಿರುಗಿ, ಅಂಗೈ ಚಾಚಿದಳು. ಕೊಟ್ರಯ್ಯನವರು ಜಗುಲಿಯಿಂದ ನೋಡುತ್ತಿದ್ದರು. "ಎಲ್ಲಿ ನಮ್ಮ ಏಳನೇ ಕ್ಲಾಸಿಗೂ ಸ್ವಲ್ಪ ಹೇಳ್ರಿ ಇದನ್ನ," ಎಂದರು.

ನಾಲ್ಕನೆಯ ತಿಂಗಳು ದಾಟಿದೆ. ಅತ್ತೆ ಮನೆದೇವರಿಗೆ ಹಣ್ಣುಕಾಯಿ ಮಾಡಿಸಿದರು.

೬ ಸೆಪ್ಟೆಂಬರ್

ಸೋತೆ. ಹುಸೇನಮ್ಮನ ಜೊತೆ ವಿರುಪಿಯನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋದೆ. ತಾಯಿ ಸೊಂಟದ ಸೀರೆ ಹಿಡಿದಿದ್ದಳು. "ನಿಲ್ಲು" ಎಂದೆ. ನಾನು ಯಾರೋ ಅನ್ನುವ ಹಾಗೆ ನೀರಿನ ಕಡೆಗೆ ನಡೆದಳು. ಅಂಗಳದಲ್ಲಿ ಕಲಿತದ್ದು ಅಂಗಳದಲ್ಲೇ ಉಳಿಯಿತು. ತರಬೇತಿಯಲ್ಲಿ ಇದನ್ನು ಹೇಳಿದ್ದರು, ಬರೆದುಕೊಂಡೂ ಇದ್ದೆ. ಆದರೂ ಅಳು ಬಂತು.

ಹುಸೇನಮ್ಮ, "ಅಲ್ಲಿ ಗೆರಿ ಇತ್ತಲ್ರಿ, ಇಲ್ಲಿ ಇಲ್ಲ. ಸುಣ್ಣ ನಾ ತರ್ತೀನಿ," ಎಂದಳು. ನಾವಿಬ್ಬರೂ ಮನೆಯ ಹಿಂದಿನ ದಂಡೆಯ ಉದ್ದಕ್ಕೂ ಗೆರೆ ಎಳೆದೆವು. ಎಳೆದ ದಿನ ಅವಳು ಅಲ್ಲೂ ನಿಲ್ಲಲಿಲ್ಲ.

೩೦ ಸೆಪ್ಟೆಂಬರ್

ಈ ವಾರ ದಂಡೆಯಲ್ಲೂ ನಿಂತಳು. ಒಮ್ಮೆಯಲ್ಲ, ಕರೆದಾಗಲೆಲ್ಲ. ಹುಸೇನಮ್ಮ ನನಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟಳು. ಬಸ್ಸಿನಲ್ಲಿ ಹಂಚುತ್ತಾ ಬಂದೆ. ಕೂಲಿ ಮುಗಿಸಿ ಬರುತ್ತಿದ್ದ ಹೆಂಗಸೊಬ್ಬಳು ನನ್ನ ಹೊಟ್ಟೆ ನೋಡಿ ಎದ್ದು ಜಾಗ ಬಿಟ್ಟಳು. ಇನ್ನು ಮುಚ್ಚಿಡುವ ಹಾಗಿಲ್ಲ.

೧೭ ನವೆಂಬರ್

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಹುಸೇನಮ್ಮ ಶಾಲೆಗೆ ಓಡಿ ಬಂದಳು. ವಿರುಪಿ ಕಾಣುತ್ತಿಲ್ಲ. ಗೆರೆ ದಾಟುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟಿಗೆಯಲ್ಲಿ ಕಟ್ಟದೆ ಬಿಟ್ಟು, ಭತ್ತ ಕೊಯ್ಯುವವರಿಗೆ ಬುತ್ತಿ ಕೊಟ್ಟು ಬರುವಷ್ಟರಲ್ಲಿ ಹೊರಟುಹೋಗಿದ್ದಳು.

ಕೊಟ್ರಯ್ಯನವರು ದೊಡ್ಡ ಹುಡುಗರನ್ನು ನಾಲ್ಕು ದಿಕ್ಕಿಗೆ ಕಳಿಸಿದರು. ನಾನು ದಂಡೆಯ ಮೇಲೆ ನಡೆದೆ. ಯಾರೋ "ನೀವು ಕುಂದ್ರಿ ಅಕ್ಕೋರ" ಎಂದರು. ಕೂರಲಾಗಲಿಲ್ಲ. ನೀರು ಕೆಂಪಗೆ, ಸದ್ದಿಲ್ಲದೆ ಹೋಗುತ್ತಿತ್ತು. ಪ್ರತಿಯೊಂದು ಕಸವೂ ಲಂಗದ ಹಾಗೆ ಕಾಣುತ್ತಿತ್ತು. ಗಾದಿಲಿಂಗಪ್ಪ ತೂಬಿನ ಹತ್ತಿರ ಎದೆಮಟ್ಟ ನೀರಿಗೆ ಇಳಿದು, ಕಾಲಿನಿಂದ ತಳ ತಡವಿ ನೋಡುತ್ತಿದ್ದ. ಆ ಮುಖವನ್ನು ನಾನು ನೋಡಬಾರದಿತ್ತು.

ಮಧ್ಯಾಹ್ನದ ಹೊತ್ತಿಗೆ ಆಚೆ ದಂಡೆಯಿಂದ ಕೂಗು ಬಂತು. ಕಬ್ಬು ಕಡಿಯುವವರ ಗುಡಿಸಲಿನ ಮುಂದೆ ಕೂತು ಕಬ್ಬು ಅಗಿಯುತ್ತಿದ್ದಳು. ಗೆರೆಯನ್ನು ಅವಳು ದಾಟಿರಲಿಲ್ಲ. ಗೆರೆಯ ಗುಂಟ ನಡೆದು, ಗೆರೆ ಮುಗಿದ ಕಡೆ ಸೇತುವೆ ಸಿಕ್ಕಿ, ಸೇತುವೆ ದಾಟಿದ್ದಳು. ಅದಕ್ಕೆ ಕಟಕಟೆಯೂ ಇಲ್ಲ. ನಾನು ಅವಳಿಗೆ ನಿಲ್ಲುವುದನ್ನು ಕಲಿಸಿದ್ದೆ. ಎಲ್ಲಿಗೆ ಹೋಗಬಹುದು, ಹೇಗೆ ತಿರುಗಿ ಬರಬೇಕು ಎಂಬುದು ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ.

ಗಾದಿಲಿಂಗಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ತಂದ. ನನ್ನ ಮುಂದೆ ನಿಂತ. ಮೈಯಿಂದ ನೀರು ಇಳಿಯುತ್ತಿತ್ತು.

"ನಿಮ್ಮ ಮಾತು ಕೇಳಿ ಬಿಟ್ವಿ. ಇಕಿ ಹೋಗಿದ್ರ ನೀವು ಸಂಜಿಗೆ ಹೊಸಪೇಟಿ ಬಸ್ ಹತ್ತಿ ಹೋಗ್ತಿದ್ರಿ. ನಾವು ಇಲ್ಲೇ ಇರ್ತಿದ್ವಿ, ಇದೇ ನೀರು ಕುಡಕಂತ."

ಸಂಜೆ ಬಸ್ಸು ಹತ್ತಿ ಹೊಸಪೇಟೆಗೆ ಬಂದೆ.

೧೮ ನವೆಂಬರ್

ಕಾಲು ಬಾತಿವೆ. ಅತ್ತೆ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೨೩ ನವೆಂಬರ್

ವಿರುಪಿ ಬಂದಿಲ್ಲ. ಗಾಳೆಪ್ಪ ಒಬ್ಬನೇ ಗೆರೆಯವರೆಗೆ ಓಡಿ ಒಬ್ಬನೇ ನಿಲ್ಲುತ್ತಾನೆ.

೨೬ ನವೆಂಬರ್

ಬಂದಿಲ್ಲ. ಇವರು ಹೇಳಿದರು, "ಹೆಂಗೂ ಮುಂದಿನ ತಿಂಗಳು ರಜಾ ಹಾಕ್ತಿ. ಈಗಲೇ ಹಾಕಿಬಿಡು." ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡಿದ್ದೇನೆ.

೨೯ ನವೆಂಬರ್

ಅರ್ಜಿಯನ್ನು ಕೊಟ್ರಯ್ಯನವರ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಮಡಿಸಿ, ಅದರ ಮೇಲೆ ಕೈ ಇಟ್ಟುಕೊಂಡರು. "ಇದು ಇರ್ಲಿ. ಮೊದ್ಲು ಗಾದಿಲಿಂಗನ ಮನಿಗೆ ಹೋಗಿ ಬರೂನು ನಡೀರಿ. ಅವನು ನನ್ನ ಕೈಯಾಗ ಓದಿದಾವ. ಹೊಡಿಯಂಗಿಲ್ಲ," ಎಂದರು.

ಸಂಜೆ ಹೋದೆವು. ಗಾದಿಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತ. ನನಗೂ ಕುರ್ಚಿ ತಂದಿಟ್ಟ. ಹುಸೇನಮ್ಮ ಚಹಾ ತಂದಳು. ಒಳಗೆ ಕೊಟ್ಟಿಗೆಯಲ್ಲಿ ವಿರುಪಿ ನನ್ನ ಧ್ವನಿಗೆ ಕಾಯುತ್ತಿದ್ದಳೋ ಏನೋ, ಕಂಬದ ಸುತ್ತ ಸುತ್ತುವ ಸದ್ದು ಕೇಳುತ್ತಿತ್ತು.

ನಾನೇ ಶುರು ಮಾಡಿದೆ. "ತಪ್ಪಾಯ್ತು. ಸೇತುವೆ ನನ್ನ ತಲೆಗೆ ಬರಲಿಲ್ಲ."

"ಸೇತುವಿ ಮಾತು ಬಿಡ್ರಿ," ಎಂದ ಗಾದಿಲಿಂಗಪ್ಪ. "ನನ್ನ ಮಗಳಿಗೆ ಏನು ಕಲಸ್ತೀರಿ ಅಂತ ನನ್ನ ಯಾವತ್ತರ ಕೇಳೀರೇನು? ಬರ್ದ್ರಿ, ಇಕಿ ಅವ್ವನ ಹೆಬ್ಬಟ್ಟು ಒತ್ತಿಸಿಕೊಂಡ್ರಿ. ನಾ ಏನು ದನ ಏನು?"

ನಿಜ. ಅವನನ್ನು ನಾನು ಕೇಳಿರಲಿಲ್ಲ. ಮಗಳನ್ನು ಕಟ್ಟುವ ತಂದೆ ಎಂದಷ್ಟೇ ತಿಳಿದಿದ್ದೆ.

"ಈಗ ಕೇಳ್ತೀನಿ. ಏನು ಕಲೀಬೇಕು?"

ಕೈಯಲ್ಲಿದ್ದ ಟವೆಲ್ಲನ್ನು ಮಡಿಸುತ್ತಾ ಹೇಳಿದ, "ನನ್ನ ಹಿಂದ ಗದ್ದಿಗೆ ಬರಾದು ಕಲೀಲಿ. ಎಲ್ಲಾರ ಮಕ್ಕಳು ಬರ್ತಾವ. ನಾ ಸತ್ತ ಮ್ಯಾಲೆ ಯಾರ ಹಿಂದ ಹೊಕ್ಕಾಳೋ ಗೊತ್ತಿಲ್ಲ. ಈಗ ನನ್ನ ಹಿಂದರ ಬರ್ಲಿ."

ಹುಸೇನಮ್ಮ ಬಾಗಿಲಲ್ಲೇ ನಿಂತು, ಮೇಷ್ಟ್ರ ಕಡೆ ನೋಡದೆ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಇನ್ನೆರಡು ವರ್ಷಕ್ಕ ದೊಡ್ಡಕ್ಯಾಗ್ತಾಳ. ಅಷ್ಟ್ರಾಗ ತನ್ನ ಮೈ ತಾ ತೊಳಕಳ್ಳಾದು ಕಲಸ್ರಿ ಅಕ್ಕೋರ." ಕೊಟ್ರಯ್ಯನವರಿಗೆ ಬೇಕಾದದ್ದು ಇಷ್ಟೇ, ಹೊರಗೆ ಹೋಗಬೇಕಾದಾಗ ಏನಾದರೂ ಸನ್ನೆ ಮಾಡಲಿ, ಆಗ ಬೇರೆ ಮಕ್ಕಳ ತಂದೆತಾಯಿಗೆ ತಾವು ಉತ್ತರ ಕೊಡಬಲ್ಲರು. ನನ್ನದೂ ಒಂದಿತ್ತು. ಅವಳ ಬಾಯಿಂದ ಇನ್ನೊಂದು ಮಾತು ಬರಲಿ, ಯಾವುದಾದರೂ ಸರಿ.

ಅಲ್ಲೇ ಲಾಟೀನು ಹಚ್ಚುವ ಮೊದಲೇ ಬರೆದು ಮುಗಿಸಿದೆವು. ಗಾದಿಲಿಂಗಪ್ಪ ಓದಿ, ಒಂದು ಕಡೆ 'ಹಿಂದೆ' ಎಂದಿದ್ದನ್ನು ಹೊಡೆದು 'ಸಂಗಡ' ಎಂದು ತಿದ್ದಿ ಸಹಿ ಮಾಡಿದ. ಬಣ್ಣಗಳು ಯಾರಿಗೂ ಬೇಕಾಗಿರಲಿಲ್ಲ. ಅವನ್ನು ಬಿಟ್ಟೆವು.

ರಜೆಯ ಅರ್ಜಿ ಮೇಷ್ಟ್ರ ಹತ್ತಿರವೇ ಇದೆ. ಕೇಳಲು ಮರೆತೆ.

೯ ಡಿಸೆಂಬರ್

ಬೆಳಿಗ್ಗೆ ಬಸ್ಸಿನಿಂದ ಇಳಿದವಳಿಗೆ ಗದ್ದೆಯ ಬದುವಿನ ಮೇಲೆ ಇಬ್ಬರೂ ಕಂಡರು. ಮುಂದೆ ಗಾದಿಲಿಂಗಪ್ಪ, ಅವನ ಹೆಗಲಿನ ಟವೆಲ್ಲಿನ ತುದಿ ವಿರುಪಿಯ ಕೈಯಲ್ಲಿ. ಕಟ್ಟಿರಲಿಲ್ಲ, ಅವಳೇ ಹಿಡಿದಿದ್ದಳು. ನಡುವೆ ಏನೋ ಕಂಡು ಬಿಟ್ಟು ನಿಂತಳು. ಅವನೂ ನಿಂತ. ಕರೆಯಲಿಲ್ಲ, ಬೈಯಲಿಲ್ಲ, ಬೀಡಿ ಹಚ್ಚಿದ. ಅವಳು ಮತ್ತೆ ಬಂದು ತುದಿ ಹಿಡಿದಳು. ಸೇತುವೆಯನ್ನೂ ಹಾಗೇ ದಾಟಿದರು. ಬರುವಾಗಲೂ ಹಾಗೇ ದಾಟಿದರಂತೆ.

ಟವೆಲ್ಲಿನ ಉಪಾಯ ನಾನು ಹೇಳಿಕೊಟ್ಟದ್ದಲ್ಲ. ಮೈ ತೊಳೆಯುವುದನ್ನು ಸಣ್ಣ ಸಣ್ಣ ಹಂತ ಮಾಡಿ ಹುಸೇನಮ್ಮನಿಗೆ ತೋರಿಸಿಕೊಟ್ಟದ್ದು ನಾನು. ಮೊದಲು ಕೊನೆಯ ಚೊಂಬು ಮಾತ್ರ ವಿರುಪಿ ಸುರಿದುಕೊಳ್ಳುವುದು, ಆಮೇಲೆ ಕೊನೆಯ ಎರಡು.

೨೧ ಡಿಸೆಂಬರ್

ಹೊರಗೆ ಹೋಗಬೇಕಾದರೆ ವಿರುಪಿ ಈಗ ನನ್ನ ಸೆರಗು ಜಗ್ಗುತ್ತಾಳೆ. ನಾಲ್ಕು ಸಲದಲ್ಲಿ ಮೂರು ಸಲ. ಇವತ್ತು ಜಗ್ಗಿದಾಗ ಹೊರಗೆ ಕರೆದುಕೊಂಡು ಹೋದರೆ ಅದಲ್ಲ, ಹೊಟ್ಟೆಗೆ ಕಿವಿ ಇಡಬೇಕಿತ್ತಂತೆ. ಇಟ್ಟಳು. ಒಳಗಿನದು ಸರಿಯಾಗಿ ಒದೆಯಿತು, ಅವಳು ಬಿದ್ದು ಬಿದ್ದು ನಕ್ಕಳು. ಗಾಳೆಪ್ಪನೂ ದುರುಗವ್ವನೂ ಸರತಿಯಲ್ಲಿ ನಿಂತರು. ಇದರಲ್ಲಿ ಅರ್ಧ ಪಿರಿಯಡ್ ಹೋಗಿ ಗಾಳೆಪ್ಪನ ದಪ್ಪಕ್ಷರದ ಕಾರ್ಡು ಬರೆಯುವುದು ಉಳಿಯಿತು. ಮನೆಗೆ ತಂದಿದ್ದೇನೆ. ರಜೆ ಶುರುವಾಗುವ ಮೊದಲು ಮುಗಿಸಬೇಕು.

೨೬ ಜನವರಿ ೧೯೮೯

ಎಷ್ಟೋ ದಿನದ ಮೇಲೆ ಬರೆಯುತ್ತಿದ್ದೇನೆ. ಮಂಗಳವಾರ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಕರುಳುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಹುಟ್ಟಿದಾಗ ಮೈ ನೀಲಿಯಾಗಿತ್ತಂತೆ. ಬೇಗ ಅಳಲಿಲ್ಲ. ಕಾಲು ಹಿಡಿದು, ಬೆನ್ನು ತಟ್ಟಿ, ಆಮ್ಲಜನಕ ಕೊಟ್ಟ ಮೇಲೆ ಅತ್ತಳು. ಡಾಕ್ಟರಮ್ಮ ನನ್ನ ಮಂಚದ ತುದಿಯಲ್ಲಿ ಕೂತು ಹೇಳಿದರು: "ಈಗ ಹಾಲು ಕುಡೀತಾಳ, ಚಲೋ ಇದ್ದಾಳ. ಆದ್ರ ಕುತ್ತಿಗಿ ನಿಲ್ಲೋದು, ಕೂಡೋದು ತಡ ಆಗ್ತೈತೇನು ಅಂತ ಒಂದು ವರ್ಷ ನೋಡ್ಬೇಕು. ಈಗ್ಲೇ ಏನೂ ಹೇಳಾಕಾಗಲ್ಲ."

ಇವರು ಹೊರಗೆ ಹೋಗಿ ವರಾಂಡದಲ್ಲಿ ಒಬ್ಬರೇ ನಿಂತರು. ಅತ್ತೆ ಗೋಡೆಗೆ ಮುಖ ಮಾಡಿ ಅತ್ತರು. ಬಸುರಿಯ ಕಣ್ಣಿಗೆ ಬೀಳುವುದರ ಬಗ್ಗೆ ಹಿಂದೆ ಅಂದಿದ್ದ ಮಾತನ್ನು ಅವರು ಮತ್ತೆ ಆಡಲಿಲ್ಲ. ಆದರೆ ಅದು ಕೋಣೆಯಲ್ಲಿ ಇತ್ತು.

ಸಂಜೆ ಇವರು ಪಕ್ಕದಲ್ಲಿ ಕೂತು, "ನಿನಗ ಅಂಜಿಕಿ ಆಗವಲ್ದೇನು?" ಎಂದು ಕೇಳಿದರು. ಮಗು ಎಡಗಡೆ ಮೊಲೆ ಸರಿಯಾಗಿ ಕಚ್ಚುತ್ತಿರಲಿಲ್ಲ, ತಲೆ ಸ್ವಲ್ಪ ಎತ್ತಿ ಹಿಡಿದರೆ ಕಚ್ಚುತ್ತಿತ್ತು. ಅದನ್ನೇ ನೋಡುತ್ತಿದ್ದೆ.

೨೮ ಜನವರಿ

ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆವು. ಇವತ್ತು ಮಧ್ಯಾಹ್ನ ಹುಸೇನಮ್ಮ ಬಂದಳು. ವಿರುಪಿಯನ್ನೂ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು. ತಲೆಗೆ ಎಣ್ಣೆ ಹಚ್ಚಿ, ಹೊಸ ಲಂಗ ಉಡಿಸಿ, ಕೈಗೆ ಬಳೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಹುಸೇನಮ್ಮನಿಗೆ ತಿಳಿಯಿತು. "ನಾವು ಇಲ್ಲೇ ಹೊರಗ ನಿಂತು ಮಾತಾಡ್ಸಿ ಹೋಗ್ತೀವ್ರಿ ಅವ್ವಾರ," ಎಂದಳು. ಇಂಥದ್ದು ಅವಳಿಗೆ ರೂಢಿ.

"ಬರ್ಲಿ ಬಿಡ್ರಿ ಅತ್ತಿ," ಎಂದೆ. "ಅಕಿಗೆ ತೋರಸ್ತೀನಿ ಅಂದಿದ್ದೆ."

ಅತ್ತೆ ನನ್ನನ್ನು ನೋಡಿದರು, ವಿರುಪಿಯನ್ನು ನೋಡಿದರು. ಯಾಕೋ ಸರಿದು ನಿಂತರು. ವಿರುಪಿ ನೇರ ತೊಟ್ಟಿಲಿಗೆ ಬಂದು ಬಗ್ಗಿ ನೋಡಿದಳು. ಕೈ ಹಾಕಲಿಲ್ಲ. ಬಹಳ ಹೊತ್ತು ನೋಡಿ, "ಪಾಪ," ಎಂದಳು. ಪಾಪು ಅಂದಳೋ ಪಾಪ ಅಂದಳೋ, ನನಗೂ ಹುಸೇನಮ್ಮನಿಗೂ ಒಂದೇ ಸಲ ಕೇಳಿತು, ಒಂದೇ ಸಲ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯಲ್ಲಿ ಎಂದಾದರೂ ಅಂದಿದ್ದಾಳೆಯೇ ಎಂದು ಕೇಳಿದೆ. ಇಲ್ಲವಂತೆ.

ಹುಸೇನಮ್ಮನಿಗೆ ಹೇಳಬೇಕಾದದ್ದು ಬಹಳ ಇತ್ತು. ಕೊನೆಯ ಐದು ಚೊಂಬು ಈಗ ವಿರುಪಿಯೇ ಸುರಿದುಕೊಳ್ಳುತ್ತಾಳೆ, ಮೇಷ್ಟ್ರು ದಿನಾ ಅರ್ಧ ತಾಸು ತಾವೇ ಕೂರುತ್ತಾರೆ, ಆದರೆ ಬೆಲ್ಲ ಜಾಸ್ತಿ ಕೊಡುತ್ತಾರೆ. ಬರುವ ತಿಂಗಳ ಯೋಜನೆಯಲ್ಲಿ ಬೆಲ್ಲ ಕಡಿಮೆ ಮಾಡಬೇಕು.

ಮಾತಾಡುತ್ತಾ ನನಗೆ ಕಣ್ಣು ಎಳೆಯತೊಡಗಿತು. ಅತ್ತೆ ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದವರು ಚಾಪೆ ಹಾಸಿ ಹುಸೇನಮ್ಮನಿಗೆ ಕೂರಲು ಹೇಳಿದರು. ತಾವೂ ಎದುರಿಗೆ ಕೂತರು.

"ಇಕಿ ಹುಟ್ಟಿದಾಗ ಜಲ್ದಿ ಅತ್ತಿದ್ಳೇನವ್ವಾ?"

"ಇಲ್ರಿ. ಭಾಳ ಹೊತ್ತು ಅಳ್ಲಿಲ್ಲ."

"ಕುತ್ತಿಗಿ ಯಾವಾಗ ನಿಂತ್ತು?"

"ತಡ ಆತ್ರಿ. ನಮಗೂ ಯಾರೂ ಹೇಳೋರಿರ್ಲಿಲ್ಲ..."

ಅತ್ತೆ ಇನ್ನಷ್ಟು ಹತ್ತಿರ ಸರಿದರು. "ಹೇಳವ್ವಾ. ಎಲ್ಲಾ ಮೊದಲಿಂದ ಹೇಳು."

ಹುಸೇನಮ್ಮ ಹೇಳತೊಡಗಿದಳು. ನನಗೆ ಪೂರ್ತಿ ಕೇಳುವುದಾಗಲಿಲ್ಲ, ನಿದ್ದೆ ಬಂದುಬಿಟ್ಟಿತು. ಎದ್ದಾಗ ಹೊರಗೆ ಬಿಸಿಲು ಇಳಿದಿತ್ತು, ಅವರಿಬ್ಬರೂ ಇನ್ನೂ ಮಾತಾಡುತ್ತಲೇ ಇದ್ದರು.